ತಿರುಗಿ ನೋಡಿದವರು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಾನೂನು ಬಲ್ಲವರು ಇದರಲ್ಲಿ ಹತ್ತು ತಪ್ಪು ಹುಡುಕಿಯಾರು, ಕಥೆ ಬಲ್ಲವರು ಇನ್ನೊಂದು ಹತ್ತು. ಒಬ್ಬ ಹೆಂಗಸಿನ ಬೆರಳುಗಳಿಗೂ ಒಬ್ಬ ಗಂಡಸಿನ ಬಲಗೈಗೂ ಒಂದೇ ದಿನ ಗಂಟುಬಿದ್ದದ್ದನ್ನು ಬಿಡಿಸಿ ಹೇಳುವ ಯೋಗ್ಯತೆ ಹೇಳುವವರಿಗೆ ಇದೆಯೋ ಇಲ್ಲವೋ. ಆದರೆ ಹೇಳದೆ ಇಟ್ಟುಕೊಂಡರೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ, ನುಂಗಿದರೂ ಇಳಿಯುವುದಿಲ್ಲ, ಕೆಮ್ಮಿದರೂ ಬರುವುದಿಲ್ಲ.

ಆ ಬೆಳಿಗ್ಗೆ ಟೈಪಿಸ್ಟಮ್ಮ ಕೋರ್ಟಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ನಲವತ್ತು ದಾಟಿದ ಹೆಂಗಸು ಹಾಗೆ ಹತ್ತುವುದನ್ನು ಕಂಡು, ಬಾಗಿಲಲ್ಲಿ ನಿಂತು ಕೇಸುಗಳ ಹೆಸರು ಕೂಗುವ ದಫೇದಾರ, ಎಲ್ಲಾದರೂ ಬೆಂಕಿ ಬಿದ್ದಿದೆಯೇ ಎಂದು ವಿಚಾರಿಸಿದ. ಬಿದ್ದಿತ್ತು, ಅವಳ ತಲೆಯೊಳಗೆ. ಹಿಂದಿನ ಸಂಜೆ, ಕೆಲಸ ಮುಗಿಸಿ ಅವಳು ಓದಲು ಹೋಗುತ್ತಿದ್ದ ಕಾನೂನು ಕಾಲೇಜಿನಲ್ಲಿ ಮೇಷ್ಟ್ರು ಪಾಠದ ನಡುವೆ ಮಾತು ನಿಲ್ಲಿಸಿ, ಯಾವ ಸುಳಿವೂ ಕೊಡದೆ, ದಪ್ಪ ಪುಸ್ತಕವೊಂದನ್ನೆತ್ತಿ ಮೇಜಿಗೆ ದಬ್ಬನೆ ಬಡಿದಿದ್ದರು. ಇಡೀ ತರಗತಿ ಕಣ್ಣು ಮುಚ್ಚಿ ತೆರೆಯಿತು. "ಎಲ್ಲರೂ ಕಣ್ಣು ಮುಚ್ಚಿದ್ರಲ್ಲ, ಮುಚ್ಚಿದ್ದು ಯಾರು?" ಎಂದು ಕೇಳಿದರು. ಆಮೇಲೆ ತಾವೇ ವಿವರಿಸಿದರು. ಕಾನೂನು ಶಿಕ್ಷಿಸುವುದು ಮನುಷ್ಯ ಮಾಡಿದ್ದನ್ನು, ಅವನ ಮೈಗೆ ಆಗಿಹೋದದ್ದನ್ನಲ್ಲ. ಮನಸ್ಸಿನ ಅಪ್ಪಣೆಯಿಲ್ಲದೆ ಮೈ ತಾನಾಗಿ ಆಡಿದರೆ ಅದು ಕೃತ್ಯವೇ ಅಲ್ಲ. ಕೃತ್ಯವೇ ಇಲ್ಲದ ಮೇಲೆ ಅಪರಾಧ ಎಲ್ಲಿಂದ ಬಂತು. ಆದರೆ ಹಾಗೆ ಹೇಳುವುದು ಸುಲಭ, ನಂಬಿಸುವುದು ಕಷ್ಟ, ಯಾಕೆಂದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಇಷ್ಟನ್ನು ಬರೆದುಕೊಂಡು ಹೊರಬಂದವಳಿಗೆ ದಾರಿಯುದ್ದಕ್ಕೂ ನೆಲ ಕಾಲಿಗೆ ತಾಗಿದ ನೆನಪಿಲ್ಲ. ಕಾಲನ್ನು ಎತ್ತುತ್ತಿರುವವರು ಯಾರು ಎಂದು ಹಿಡಿಯಲು ಹೋಗಿ, ಬೇಕರಿಯ ಎದುರು ಎಡವಿ, ಬೋರ್ಡಿನ ಕಂಬಕ್ಕೆ ಕ್ಷಮಿಸಿ ಎಂದಳು. ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆಯ ಮುಖದೆದುರು ತಟ್ಟೆಯನ್ನು ಬಡಿದು, ಕಣ್ಣು ಮುಚ್ಚಿದ್ದು ಯಾರು ಹೇಳಿ ಅತ್ತಿಗೆ ಎಂದು ಪೀಡಿಸಿದಳು. ಮಾತಾಡುವಾಗಲೆಲ್ಲ ನಾದಿನಿಯ ಬೆರಳುಗಳು ಮೇಜಿನ ಮೇಲೆ ಸದ್ದಿಲ್ಲದೆ ಅದನ್ನೇ ಟೈಪು ಮಾಡುತ್ತಿರುತ್ತವೆ ಎಂಬುದನ್ನು ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದ ಅತ್ತಿಗೆ, "ಸಂಬಳ ನಿನಗೆ ಕೊಡ್ತಾರೋ ನಿನ್ನ ಬೆರಳಿಗೆ ಕೊಡ್ತಾರೋ, ಮೊದಲು ಅದನ್ನ ಕೇಳ್ಕೊಂಡು ಬಾ" ಅಂದಳು. ಅಣ್ಣ ನಕ್ಕ. ಅವಳೂ ನಕ್ಕಳು. ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ರೆಪ್ಪೆಗಳನ್ನು ತಾನೇ ಮುಚ್ಚುತ್ತೇನೆಂದು ಹಟ ಹಿಡಿದದ್ದು ನೆನಪಿದೆ, ಯಾವಾಗ ಮುಚ್ಚಿದವೆಂಬುದು ಗೊತ್ತಿಲ್ಲ.

ಮೇಷ್ಟ್ರು ಹೇಳಿದ್ದು ಪುಸ್ತಕದ ಮಾತಾಗಿದ್ದರೆ ಅಷ್ಟು ಬೆಂಕಿ ಹತ್ತುತ್ತಿರಲಿಲ್ಲ. ಆ ದಿನ ಅವಳ ಕೋರ್ಟಿನಲ್ಲೇ ಇಸ್ತ್ರಿಯವನ ಕೇಸಿನ ಕೊನೆಯ ವಾದವಿತ್ತು. ಕೋರ್ಟಿನಿಂದ ಎರಡು ಬೀದಿ ಆಚೆಗೆ ಒಂದು ಲಾಂಡ್ರಿ. ಹಬೆಯಲ್ಲಿ ಮಸುಕಾದ ಉದ್ದನೆಯ ಕೋಣೆ, ಸಾಲು ಮೇಜು. ವಕೀಲರ ಕರಿ ಕೋಟುಗಳು ಹೋಗುವುದೂ ಅಲ್ಲಿಗೇ. ಮೂರನೇ ಮೇಜಿನ ಇಸ್ತ್ರಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬೆಚ್ಚಪ್ಪ ಎಂದು. ಹಿಂದಿನಿಂದ ಯಾರಾದರೂ ಮುಟ್ಟಿದರೆ, ಬಕೆಟ್ಟು ಉರುಳಿದರೆ, ಅವನ ಇಡೀ ಮೈ ಒಮ್ಮೆ ಜಿಗಿಯುತ್ತಿತ್ತು, ಬಲಗೈ ಹಿಂದಕ್ಕೆ ಎಗರುತ್ತಿತ್ತು; ಚಿಕ್ಕಂದಿನಿಂದಲೂ ಹಾಗೇ. ಲಾಂಡ್ರಿಯವರಿಗೆ ಅದೊಂದು ಆಟ. ಚಹಾದ ಹೊತ್ತಿಗೆ, ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಮೇಲೆ, ಯಾರಾದರೊಬ್ಬರು ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಹೋಗಿ ಒದ್ದೆ ಟವೆಲನ್ನು ಕತ್ತಿನ ಮೇಲೆ ಹಾಕುವುದು; ಅವನ ಕೈ ಎಷ್ಟು ಎತ್ತರಕ್ಕೆ ಎಗರಿತು ಎಂದು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗೀಟು ಹಾಕುವುದು. ಗೋಡೆಯ ತುಂಬ ಗೀಟು, ಪಕ್ಕದಲ್ಲಿ ಬೆಚ್ಚಿಸಿದವರ ಹೆಸರು. ಒಂದು ದಿನ ಮಾಲೀಕನ ಬಾಮೈದ ಚಹಾದ ತನಕ ಕಾಯಲಿಲ್ಲ. ಅವನು ಟವೆಲು ಹಾಕಿದಾಗ ಬೆಚ್ಚಪ್ಪನ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಬಾಮೈದನ ಎಡಗಣ್ಣು ಹೋಯಿತು. ಬೇರೆ ದಿನವಾಗಿದ್ದರೆ ಎಲ್ಲರೂ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರೋ ಏನೋ, ಆದರೆ ಅದರ ಹಿಂದಿನ ದಿನವಷ್ಟೇ ಈ ಬಾಮೈದ, ಬುತ್ತಿ ತಂದಿದ್ದ ಬೆಚ್ಚಪ್ಪನ ಮಗಳೆದುರು, ಅವಳಪ್ಪ ಜಿಗಿಯುವುದನ್ನು ಕುಣಿದು ತೋರಿಸಿದ್ದ. ಮಗಳು ಗೊತ್ತಾಗದೆ ನಕ್ಕುಬಿಟ್ಟಿದ್ದಳು. ಬೆಚ್ಚಪ್ಪ, ನಿನಗೊಂದು ದಿನ ಕಾದಿದೆ ಅಂದಿದ್ದ. ಅದನ್ನು ಹದಿನಾಲ್ಕು ಜನ ಕೇಳಿಸಿಕೊಂಡಿದ್ದರು. ಹಾಗಾಗಿ ಇಡೀ ಕೇಸು ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಅವನು ಹೊಡೆದನೋ, ಅವನ ಕೈ ಹೊಡೆಯಿತೋ. ಮೊದಲನೆಯದಾದರೆ ಏಳೆಂಟು ವರ್ಷ ಜೈಲು. ಎರಡನೆಯದಾದರೆ ಮನೆ.

ಕಟಕಟೆಯಲ್ಲಿ ಬೆಚ್ಚಪ್ಪ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದ. ದಫೇದಾರ ಹೊರಗೆ ಕೂಗಿದಾಗೊಮ್ಮೆ ಅವನ ಭುಜ ಎಗರುತ್ತಿತ್ತು. ಸರ್ಕಾರಿ ವಕೀಲರು ನ್ಯಾಯಾಧೀಶರ ಕಡೆ ನೋಡಿ, ನಾಟಕ ಚೆನ್ನಾಗಿದೆ ಎನ್ನುವ ಹಾಗೆ ಹುಬ್ಬು ಹಾರಿಸುತ್ತಿದ್ದರು. ವಾದದ ಹೊತ್ತಿಗೆ ಟೈಪಿಸ್ಟಮ್ಮನಿಗೆ ಕೆಲಸವಿರುವುದಿಲ್ಲ. ನ್ಯಾಯಾಧೀಶರ ಪೀಠದ ಕೆಳಗೆ ತನ್ನ ಕಂಪ್ಯೂಟರಿನ ಮುಂದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸಿನಿಮಾಕ್ಕೆ ಬಂದವಳ ಹಾಗೆ ಕೂತಿದ್ದಳು. ಆರೋಪಿಯ ಪರ ಎಳೆಯ ವಕೀಲೆ ಚೆನ್ನಾಗಿ ವಾದಿಸಿದ್ದಳು, ಗೀಟುಗಳ ಫೋಟೋ ತೋರಿಸಿದ್ದಳು, ನರದ ಡಾಕ್ಟರ ಚೀಟಿ ಓದಿದ್ದಳು. ಮೇಷ್ಟ್ರು ಹೇಳಿದ ಒಂದೊಂದು ಮಾತೂ ಕಣ್ಣೆದುರು ಎದ್ದು ನಡೆದಾಡುತ್ತಿದ್ದುದನ್ನು ನೋಡಿ ಟೈಪಿಸ್ಟಮ್ಮನಿಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಆಮೇಲೆ ಸರ್ಕಾರಿ ವಕೀಲರು ಎದ್ದರು. ಇದೆಲ್ಲ ಸರಿ ಮಹಾಸ್ವಾಮಿ, ಆದರೆ ಬೆಚ್ಚಿದವನು ತಿರುಗಿ ನೋಡುವುದಿಲ್ಲ, ತಿರುಗಿ ನೋಡಿದವನು ಬೆಚ್ಚಿ ಹೊಡೆಯುವುದಿಲ್ಲ ಎಂದರು. ಆ ದಿನ ಲಾಂಡ್ರಿಯಲ್ಲಿ ಬೆಚ್ಚಪ್ಪನ ಎದುರಿನ ಮೇಜಿನಲ್ಲೇ ನಿಂತಿದ್ದ, ಯಾರ ಪಕ್ಷದವಳೂ ಅಲ್ಲದ, ಬಟ್ಟೆ ಮಡಿಚುವವಳ ಸಾಕ್ಷ್ಯವನ್ನು ಕೈಗೆತ್ತಿಕೊಂಡು, ಮೂರನೇ ಪುಟ, ಏಳನೇ ಸಾಲು ಎಂದು ಬೆರಳಿಟ್ಟು ಓದತೊಡಗಿದರು: ಆರೋಪಿಯು ತಿರುಗಿ ನೋಡಿ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯಿಂದ ಹೊಡೆದನು. ಆಗ ಟೈಪಿಸ್ಟಮ್ಮ ಕಂಡದ್ದು ಬೇರೆಯೇ. ವಕೀಲರ ಬಾಯಿ 'ಆರೋಪಿಯು' ಎಂಬಲ್ಲಿ ಉಸಿರು ಎಳೆದುಕೊಳ್ಳಲು ನಿಂತಿದ್ದಾಗ, ಅವಳ ಮಡಿಲಲ್ಲಿ ಬೆರಳುಗಳು ಮುಂದೆ ಓಡಿಹೋಗಿ 'ತಿರುಗಿ ನೋಡಿ' ಎಂದು ಹೊಡೆದು ಮುಗಿಸಿದ್ದವು.

ಅವಳು ಬೆರಳುಗಳನ್ನು ನೋಡಿದಳು, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತರನ್ನು ನೋಡುವ ಹಾಗೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ಹಾಗೆಯೇ ಕಾಗದಕ್ಕೆ ಇಳಿಯುವುದಿಲ್ಲ. ಸಾಕ್ಷಿ ತನ್ನ ಭಾಷೆಯಲ್ಲಿ ಅತ್ತು ಕರೆದು ಹೇಳುತ್ತಾರೆ, ನ್ಯಾಯಾಧೀಶರು ಅದನ್ನು ತೊಳೆದು ಹಿಂಡಿ ಕೋರ್ಟಿನ ಭಾಷೆಯಲ್ಲಿ ಒಂದೊಂದೇ ವಾಕ್ಯವಾಗಿ ಹೇಳುತ್ತಾರೆ, ಟೈಪಿಸ್ಟಮ್ಮ ಬೆರಳಾಡಿಸುತ್ತಾಳೆ, ಸಾಕ್ಷಿ ಕೆಳಗೆ ಸಹಿ ಹಾಕುತ್ತಾರೆ. ಹದಿನೆಂಟು ವರ್ಷ. ಎಷ್ಟು ಹೊಡೆದಾಟ, ಎಷ್ಟು ದೊಣ್ಣೆ, ಎಷ್ಟು ಪಾತ್ರೆ, ಎಷ್ಟು ಚಪ್ಪಲಿ. ಎಲ್ಲದರಲ್ಲೂ ಆರೋಪಿಯು ತಿರುಗಿ ನೋಡಿ ಕೈಯಲ್ಲಿದ್ದ ಇಂಥದರಿಂದ ಹೊಡೆದನು. ನ್ಯಾಯಾಧೀಶರು ಅರ್ಧ ಹೇಳುವಷ್ಟರಲ್ಲಿ ಅವಳು ಪೂರ್ತಿ ಹೊಡೆದು ಮುಗಿಸುತ್ತಿದ್ದಳು, ಅದಕ್ಕೇ ಅವಳಿಗೆ ಮಷೀನಮ್ಮ ಎಂದು ಹೆಸರು, ಅದನ್ನು ಕೇಳಿದಾಗ ಒಳಗೊಳಗೇ ಹಿಗ್ಗು. ಬಟ್ಟೆ ಮಡಿಚುವವಳು ಸಾಕ್ಷ್ಯ ಹೇಳಿದ್ದು ಆರು ವಾರದ ಹಿಂದೆ. ಆ ದಿನ ತಾನು ಎಲ್ಲಿದ್ದೆ? ಕೂತಿದ್ದು ಇದೇ ಕುರ್ಚಿಯಲ್ಲಿ, ಇದ್ದದ್ದು ಸಂಜೆ ಕಾಲೇಜಿನ ಎರಡನೇ ಬೆಂಚಿನಲ್ಲಿ. ಆ ಸಾಕ್ಷ್ಯದ ಹಿಂದಿನ ಸಂಜೆ ಧೈರ್ಯ ಮಾಡಿ ಎದ್ದು ನಿಂತು, ಒಂದು ತಿಂಗಳಿಂದ ಮನಸ್ಸಿನಲ್ಲಿ ತಿದ್ದಿ ತೀಡಿಟ್ಟಿದ್ದ ಪ್ರಶ್ನೆ ಕೇಳಲು ಬಾಯಿ ತೆರೆದರೆ, ಬಾಯಿಂದ ಮೊದಲು ಬಂದದ್ದು 'ಮಹಾಸ್ವಾಮಿ'. ಮೇಷ್ಟ್ರನ್ನು ಮಹಾಸ್ವಾಮಿ ಎಂದುಬಿಟ್ಟಿದ್ದಳು. ಅವಳ ಅರ್ಧ ವಯಸ್ಸಿನ ಹುಡುಗ ಹುಡುಗಿಯರು ಬೆಂಚು ತಟ್ಟಿ ನಕ್ಕರು, ಹಿಂದಿನಿಂದ ಒಬ್ಬ, ವಾಯಿದೆ ಬೇಕಂತೆ ಮಹಾಸ್ವಾಮಿ ಅಂದ, ಮೇಷ್ಟ್ರೂ ಮೀಸೆಯಲ್ಲೇ ನಕ್ಕು ಕೂತ್ಕೊಳ್ಳಿ ಅಂದರು, ಪ್ರಶ್ನೆ ಹಾಗೇ ಉಳಿಯಿತು. ಮಾರನೆಯ ದಿನ ಪೂರ್ತಿ ಆ ನಗು ಕಿವಿಯಲ್ಲಿ ಕುದಿಯುತ್ತಿತ್ತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದಾದ ಮೇಲೊಂದು ಕೊಡುತ್ತ ಕೂತಿದ್ದಾಗ, ಕೆಳಗೆ ಎಲ್ಲೋ ದೂರದಲ್ಲಿ ಬೆರಳುಗಳು ಮೂರೂವರೆ ಪುಟ ಸಾಕ್ಷ್ಯ ಹೊಡೆದು ಮುಗಿಸಿದ್ದವು. ಅದರಲ್ಲಿ ಒಂದು ಮಾತೂ ಅವಳಿಗೆ ನೆನಪಿರಲಿಲ್ಲ.

ಊಟದ ಬಿಡುವಾದೊಡನೆ ಅವಳು ಡಬ್ಬಿಯನ್ನು ಮುಟ್ಟದೆ ಕಡತಗಳ ಕೋಣೆಗೆ ಓಡಿದಳು. ಹೆದರಿಕೆಯಾಗಬೇಕಿತ್ತು, ಆಗುತ್ತಲೂ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಏನೋ ಪುಟಿಯುತ್ತಿತ್ತು, ಕಳ್ಳ ಸಿಕ್ಕಿದ ಎಂಬ ಸಂಭ್ರಮದಂಥದ್ದು, ಆ ಕಳ್ಳ ತಾನೇ ಆಗಿದ್ದರೂ. ಏಣಿ ಎಳೆದು ಹಳೆಯ ಹೊಡೆದಾಟದ ಕಡತಗಳನ್ನು ತೆಗೆದಳು. ಮೊದಲನೆಯದರಲ್ಲಿ ಇತ್ತು: ತಿರುಗಿ ನೋಡಿ ಕೈಯಲ್ಲಿದ್ದ ಸೌಟಿನಿಂದ. ಎರಡನೆಯದರಲ್ಲಿ ಇತ್ತು: ಸ್ಪ್ಯಾನರಿನಿಂದ. ಐದನೆಯದರಲ್ಲಿ ಹೊಡೆದವನಿಗೆ ಆಗಲೇ ಎರಡೂ ಕಣ್ಣು ಕಾಣುತ್ತಿರಲಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಅವನೂ ಮೂರನೇ ಪುಟದಲ್ಲಿ ತಿರುಗಿ ನೋಡಿದ್ದ. ಅದನ್ನು ಓದಿ ಅವಳು ಏಣಿಯ ಮೇಲೆ ಒಬ್ಬಳೇ ನಕ್ಕುಬಿಟ್ಟಳು. ಯಾರೂ ಗಮನಿಸಿರಲಿಲ್ಲ, ನ್ಯಾಯಾಧೀಶರು, ವಕೀಲರು, ಸಹಿ ಹಾಕಿದವರು ಯಾರೂ, ಯಾಕೆಂದರೆ ಎಲ್ಲರ ಕಣ್ಣಿಗೂ ಆ ಮಾತು ಗೋಡೆಯ ಬಣ್ಣದ ಹಾಗೆ ಒಗ್ಗಿಹೋಗಿತ್ತು. ಎಳೆಯ ವಕೀಲೆ ಕೂಡ ಹತ್ತು ಸಲ ಓದಿ, ಹತ್ತು ಸಲವೂ ಮುಂದೆ ಹೋಗಿರಬೇಕು. ಇಪ್ಪತ್ತಮೂರು ಕಡತ ಸಿಕ್ಕವು. ನಗು ಅಲ್ಲಿಗೆ ನಿಂತಿತು. ಇಪ್ಪತ್ತಮೂರು ಜನ ತಿರುಗಿ ನೋಡಿದ್ದರು. ಅವಳಿಗೆ ಅಪ್ಪ ನೆನಪಾದ. ಅಪ್ಪ ಕೊನೆಯ ವರ್ಷ ಹಾಸಿಗೆ ಹಿಡಿದಿದ್ದಾಗ ಅವಳೇ ಗಂಜಿ ಕುಡಿಸುತ್ತಿದ್ದದ್ದು. ಒಂದು ಸಂಜೆ ಅಪ್ಪನ ಕೈ ರಪ್ಪನೆ ಎದ್ದು ಬಟ್ಟಲನ್ನು ಹೊಡೆಯಿತು, ಬಿಸಿ ಗಂಜಿ ಅವಳ ಮುಖಕ್ಕೆ, ಕತ್ತಿಗೆ. ಬೇಕೂಂತಲೇ ಮಾಡ್ತೀರಿ, ನಂಗೊತ್ತು ಎಂದು ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದುಹೋಗಿ, ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಳು. ಅಪ್ಪ ಕರೆಯಲೂ ಇಲ್ಲ. ಆ ಕಾಯಿಲೆಯಲ್ಲಿ ಕೈ ತಾನಾಗಿ ಹಾಗೆ ಎಗರುತ್ತದೆ ಎಂದು ಡಾಕ್ಟರು ಹೇಳಿದ್ದು ಎಂಟು ದಿನ ಆದಮೇಲೆ. ಆ ಎಂಟು ದಿನ ಅಪ್ಪ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡು ಗಂಜಿ ಕುಡಿದಿದ್ದ, ಈ ಬೆಚ್ಚಪ್ಪ ಕಂಬಿ ಹಿಡಿದ ಹಾಗೆ.

ಹಾಗಾದರೆ, ಏಣಿಯ ಮೇಲೆಯೇ ಅವಳಿಗೆ ಹೊಳೆಯಿತು, ಅದು ಬೆರಳಿನ ಅಭ್ಯಾಸವೇ ಎಂದು ಹೇಗೆ ಹೇಳುವುದು? ಬೆಚ್ಚಪ್ಪ ಮೊದಲ ದಿನ ಕಟಕಟೆ ಹತ್ತಿದಾಗ, ಇವನು ಬೇಕೂಂತಲೇ ಮಾಡಿದವನು ಎಂದು ತನಗೆ ಅನಿಸಿರಲಿಲ್ಲವೇ? ಅನಿಸಿತ್ತು. ಊಟದ ಹೊತ್ತಿನಲ್ಲಿ ಹಾಗೆಂದು ಆಡಿಯೂ ಇದ್ದಳು. ಬೆರಳಿಗೂ ಅದು ಕೇಳಿಸಿರಬಹುದು. ಕಡತಗಳನ್ನು ಹೊತ್ತು ಏಣಿ ಇಳಿದಳು. ಕೆಳಗೆ ಪೀಠದ ಗುಮಾಸ್ತರು, ಅವಳಿಗಿಂತ ಹತ್ತು ವರ್ಷ ಹಿರಿಯರು, ಅವಳ ಕೈಯ ಕಡತಗಳನ್ನೂ ಮುಖವನ್ನೂ ನೋಡಿ ವಿಷಯ ಕೇಳಿ ತಿಳಿದುಕೊಂಡರು. ಬಾಗಿಲು ಸರಿಸಿ, ತಂಗಿಗೆ ಹೇಳುವ ಹಾಗೆ ಬುದ್ಧಿ ಹೇಳಿದರು. ಈಗ ಬಾಯಿ ಬಿಟ್ಟರೆ, ದಾಖಲೆ ತಿದ್ದಿದವಳು ಎಂದು ಮನೆಗೆ ಕಳಿಸುತ್ತಾರೆ. ಇನ್ನೊಂದು ವರ್ಷದಲ್ಲಿ ವಕೀಲಳಾಗಬೇಕೆನ್ನುವವಳಿಗೆ ಯಾರು ಸನ್ನದು ಕೊಡುತ್ತಾರೆ. ಆ ಹೆಂಗಸು ಸಹಿ ಹಾಕಿದ್ದಾಳೆ, ಓದಿ ಹೇಳಲಾಗಿ ಸರಿಯಿದೆ ಎಂದು ಕೆಳಗೆ ಇದೆ. ಅದನ್ನು ಓದಿ ಹೇಳಿದವರು ಯಾರು ಎಂದು ಟೈಪಿಸ್ಟಮ್ಮ ಕೇಳಿದಳು. ಓದಿ ಹೇಳಬೇಕಾದವರು ಈ ಗುಮಾಸ್ತರೇ. ಹದಿನೆಂಟು ವರ್ಷದಲ್ಲಿ ಅವರು ಓದಿ ಹೇಳಿದ್ದನ್ನು ಅವಳು ನೋಡಿರಲಿಲ್ಲ. ಇಲ್ಲಿ ಹಾಕಮ್ಮ, ಇಲ್ಲಿ, ಇನ್ನೊಂದು ಇಲ್ಲಿ ಎನ್ನುವುದನ್ನಷ್ಟೇ ಕೇಳಿದ್ದಳು. ಓದಿ ಹೇಳಲಾಗಿ ಸರಿಯಿದೆ ಎಂಬ ಆ ಸಾಲು ಕೂಡ ಅವಳ ಬೆರಳಿನದೇ.

ಎರಡೂವರೆಗೆ ನ್ಯಾಯಾಧೀಶರು ಬಂದು ಕೂತು, ಪೆನ್ನಿನ ತುದಿಯನ್ನು ಅಭ್ಯಾಸದಂತೆ ಎರಡು ಸಲ ಒತ್ತಿ, ತೀರ್ಪಿಗೆ ದಿನ ಹೇಳಲು ಡೈರಿ ತೆರೆದರು. ಏಳಬೇಕೆಂದು ಟೈಪಿಸ್ಟಮ್ಮ ಮೊಣಕಾಲುಗಳಿಗೆ ಹೇಳಿದಳು. ಅವು ಕೇಳಲಿಲ್ಲ. ಇಡೀ ದಿನದಲ್ಲಿ ಮೊದಲ ಸಲ ಅವಳೇ ಅಪ್ಪಣೆ ಕೊಡುತ್ತಿದ್ದಳು, ಮೈ ಕಿವುಡಾಗಿತ್ತು. ಅಷ್ಟರಲ್ಲಿ ಹೊರಗೆ ದಫೇದಾರ ಮುಂದಿನ ಕೇಸಿನ ಹೆಸರನ್ನು ಬಾಗಿಲು ನಡುಗುವ ಹಾಗೆ ಕೂಗಿದ, ಕಟಕಟೆಯಲ್ಲಿ ಬೆಚ್ಚಪ್ಪ ಜಿಗಿದ, ಅದನ್ನು ಕಂಡು ಇವಳೂ ಜಿಗಿದಳು. ನೋಡಿದರೆ ನಿಂತಿದ್ದಾಳೆ. ನಿಂತ ಮೇಲೆ ಕೂರುವುದು ಹೇಗೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ಅವಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದನ್ನೂ ದಾಖಲು ಮಾಡಿಕೊಳ್ಳಬೇಕಾದೀತು ಎನಿಸಿತು. ಮೂರನೇ ಪುಟದ ಏಳನೇ ಸಾಲು ಸಾಕ್ಷಿಯ ಮಾತಲ್ಲ, ತನ್ನ ಬೆರಳಿನದಿರಬಹುದು ಎಂದಳು. ಇಪ್ಪತ್ತಮೂರು ಕಡತಗಳನ್ನು ಮೇಜಿನ ಮೇಲಿಟ್ಟಳು. ಕುರುಡನ ಕಡತವನ್ನು ಮೇಲೆ ಇಟ್ಟಿದ್ದಳು.

ಸರ್ಕಾರಿ ವಕೀಲರು, ಇನ್ನು ಟೈಪಿಸ್ಟಮ್ಮನ ಬೆರಳಿಗೂ ಒಬ್ಬ ವಕೀಲರನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂದರು. ನಾಲ್ಕು ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಮೇಲಿನ ಕಡತದ ಮೊದಲ ಪುಟ ಓದಿದರು, ಮೂರನೇ ಪುಟ ಓದಿದರು, ಕೆಳಗಿದ್ದ ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು.

"ಟೈಪಿಸ್ಟಮ್ಮ, ಇದು ನೀವು ಮಾಡಿದ್ದೋ, ಆಗಿಹೋದದ್ದೋ?"

"ಗೊತ್ತಿಲ್ಲ ಮಹಾಸ್ವಾಮಿ. ಮಾಡಿಲ್ಲ ಅಂತ ಹೇಳೋಕೆ ಆಸೆ ಇದೆ. ಆದ್ರೆ ಗೊತ್ತಿಲ್ಲ."

"ನಾನೇ ಹೇಳಿ ಬರೆಸಿದ್ದಿರಬಹುದಲ್ಲ?"

ಅವಳು ತಲೆಯೆತ್ತಿದಳು. ಅದು ಅವಳಿಗೆ ಹೊಳೆದೇ ಇರಲಿಲ್ಲ. ನ್ಯಾಯಾಧೀಶರು ಅವಳನ್ನಲ್ಲ, ಎದುರಿನ ಗೋಡೆಯ ಗಡಿಯಾರವನ್ನು ನೋಡುತ್ತ, ಇನ್ನು ಎರಡು ವರ್ಷಕ್ಕೆ ನಿವೃತ್ತರಾಗುವ ಮನುಷ್ಯ, ಯಾರಿಗೂ ಅಲ್ಲದ ದನಿಯಲ್ಲಿ, "ನಾನೂ ಹೇಳಿರಬಹುದು. ನಾಲಿಗೆಗೂ ರೂಢಿ ಆಗಿರುತ್ತೆ" ಅಂದರು. ಅವಳು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದಳು. ಒಬ್ಬರ ನಾಲಿಗೆ, ಒಬ್ಬರ ಬೆರಳು, ಒಬ್ಬರ ಸಹಿ, ಒಬ್ಬರ ಕಣ್ಣು. ಎಲ್ಲವೂ ತಮ್ಮ ಪಾಡಿಗೆ ಆಡಿಕೊಂಡು ಹೋಗಿ, ಕೊನೆಗೆ ಕಟಕಟೆಯಲ್ಲಿ ನಿಂತವನೊಬ್ಬನಿಗೆ ಮಾತ್ರ, ನೀನು ಬೇಕೆಂದೇ ಮಾಡಿದೆಯಾ ಎಂದು ಕೇಳುತ್ತಿದ್ದರು.

ವಾದ ಕೇಳಲೆಂದು ಲಾಂಡ್ರಿಯವರು ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಬಟ್ಟೆ ಮಡಿಚುವವಳನ್ನು ಮತ್ತೆ ಕರೆಸುವುದಕ್ಕೆ ಎಳೆಯ ವಕೀಲೆ ಎದ್ದು ಕೇಳಿಕೊಂಡಳು, ಸರ್ಕಾರಿ ವಕೀಲರು ಆಕ್ಷೇಪಿಸಿದರು, ನ್ಯಾಯಾಧೀಶರು ಕರೆಸಿದರು. ಅವಳು ಬಂದು ನಿಂತಳು. ಐವತ್ತರ ಹೆಂಗಸು, ನಿಂತಲ್ಲೂ ಕೈ ಸುಮ್ಮನಿರಲಾರದೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಡಿಸಿ, ಮತ್ತೆ ಮಡಿಚುತ್ತಿದ್ದಳು. ನ್ಯಾಯಾಧೀಶರು ಕೇಳಿದ್ದು ಒಂದೇ: ಟವೆಲು ಬಿದ್ದಾಗ ಅವನು ತಿರುಗಿ ನೋಡಿದನೇ?

"ತಿರುಗಿ ನೋಡಿದ್ರೆ ಹೊಡೀತಿರ್ಲಿಲ್ಲ ಸ್ವಾಮಿ. ಅವನು ಯಾರ ಮುಖ ನೋಡಿಯೂ ಹೊಡೆಯೋನಲ್ಲ. ನೋಡ್ದೇ ಇದ್ದದ್ದಕ್ಕೇ ಹಾಗಾಯ್ತು."

ಸರ್ಕಾರಿ ವಕೀಲರು, ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ಗದರಿದರು. ಹೇಳಿದ್ದೆನಲ್ಲ ಎಂದಳು, ಅವತ್ತೂ ಇಲ್ಲೇ ನಿಂತು ಇದನ್ನೇ ಹೇಳಿದ್ದು, ಈ ಅಮ್ಮ ಟಕಟಕ ಅಂತ ಬರೆದುಕೊಂಡರು. ಆಮೇಲೆ ಯಾರೂ ಕೇಳದೆ ಇನ್ನೊಂದು ಮಾತು ಸೇರಿಸಿದಳು. "ಗೋಡೆ ಮೇಲೆ ಗೀಟು ಹಾಕ್ತಿದ್ದೋಳು ನಾನೇ. ಅದನ್ನೂ ಬರ್ಕೊಳ್ಳಿ." ನ್ಯಾಯಾಧೀಶರು ಅವಳ ಮಾತನ್ನು ಈ ಸಲ ತೊಳೆಯಲಿಲ್ಲ, ಹಿಂಡಲಿಲ್ಲ, ಹಾಗೆಯೇ ಬರೆದುಕೊಳ್ಳಿ ಎಂದರು. ಟೈಪಿಸ್ಟಮ್ಮ ಒಂದೊಂದೇ ಅಕ್ಷರವನ್ನು ಒಂದೊಂದೇ ಬೆರಳಿನಿಂದ, ಹೊಸದಾಗಿ ಕಲಿಯುವವಳ ಹಾಗೆ ಒತ್ತಿದಳು. ಎರಡು ಸಾಲಿಗೆ ಹನ್ನೊಂದು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಗುಮಾಸ್ತರು ಕಾಗದವನ್ನು ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಆ ಹೆಂಗಸಿನ ಎದುರು ನಿಂತು ಗಟ್ಟಿಯಾಗಿ ಓದಿ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು ಸಹಿ ಹಾಕಿದಳು. ಕಟಕಟೆಯಲ್ಲಿ ಬೆಚ್ಚಪ್ಪ ಒಂದು ಕೈಯನ್ನು ಕಂಬಿಯಿಂದ ಬಿಟ್ಟು ಮುಖ ಒರೆಸಿಕೊಂಡ.

ಹದಿನೈದು ದಿನದ ಮೇಲೆ ಅವನು ಬಿಡುಗಡೆಯಾದ. ಲಾಂಡ್ರಿಯ ಗೋಡೆಗೆ ಸುಣ್ಣ ಹೊಡೆಸಿದರಂತೆ, ಈಗ ಅವನ ಮೇಜಿನ ಹತ್ತಿರ ಹೋಗುವವರು ದೂರದಿಂದಲೇ ಬಂದೆ ಎಂದು ಹೇಳಿಕೊಂಡು ಹೋಗುತ್ತಾರಂತೆ. ಬಾಮೈದನ ಕಣ್ಣು ಬರಲಿಲ್ಲ. ಟೈಪಿಸ್ಟಮ್ಮನಿಗೆ ಮೇಲಿನ ಕಚೇರಿಯಿಂದ ಒಂದು ಮೆಮೊ ಬಂತು. ಸದರಿ ಲೋಪವು ಉದ್ದೇಶಪೂರ್ವಕವೋ, ನಿರ್ಲಕ್ಷ್ಯದಿಂದ ಆದದ್ದೋ, ಅನ್ವಯಿಸದ್ದನ್ನು ಹೊಡೆದುಹಾಕಿ ಎಂದಿತ್ತು. ಮೂರನೆಯದಕ್ಕೆ ಜಾಗವಿರಲಿಲ್ಲ. ಅವಳು ಎರಡನ್ನೂ ಹೊಡೆದುಹಾಕಲಿಲ್ಲ, ಎರಡನ್ನೂ ಒಪ್ಪಲೂ ಇಲ್ಲ. ಕೆಳಗೆ, ಗೊತ್ತಿಲ್ಲ, ಆದರೆ ಬೆರಳುಗಳು ನನ್ನವೇ ಎಂದು ಕೈಬರಹದಲ್ಲಿ ಬರೆದು, ಇಪ್ಪತ್ತಮೂರು ಕಡತಗಳ ಸಂಖ್ಯೆಗಳನ್ನು ಲಗತ್ತಿಸಿ, ಇವನ್ನೂ ನೋಡಬೇಕೆಂದು ಕೋರಿದಳು. ಅವಳನ್ನು ನಕಲು ವಿಭಾಗಕ್ಕೆ ಹಾಕಿದರು. ಪಟ್ಟಿಯನ್ನು ಪರಿಶೀಲನೆಯಲ್ಲಿ ಇಡಲಾಗಿದೆ ಎಂದು ಎರಡು ಸಲ ಉತ್ತರ ಬಂತು. ಮಷೀನಮ್ಮ ಈಗ ಎಲ್ಲರಿಗಿಂತ ನಿಧಾನ. ಅತ್ತಿಗೆ, ಅಂತೂ ಸಂಬಳ ನಿನಗೇ ಬರೋ ಹಾಗಾಯ್ತು ಅಂದಳು.

ಒಂದು ಭಾನುವಾರ ಮಧ್ಯಾಹ್ನ ಅವಳು ಎರಡನೇ ಕಡತದ ವಿಳಾಸ ಹಿಡಿದು ಹೋದಳು. ಸ್ಪ್ಯಾನರಿನಿಂದ ಸ್ವಂತ ತಮ್ಮನ ತಲೆಗೆ ಹೊಡೆದು ಎರಡು ವರ್ಷ ಜೈಲಿನಲ್ಲಿದ್ದು ಬಂದ ಸೈಕಲ್ ರಿಪೇರಿಯವನು. ಅವನ ಮಾತೂ ಅದೇ ಆಗಿತ್ತು: ತಮ್ಮ ಹಿಂದಿನಿಂದ ಬಂದು ಕುತ್ತಿಗೆ ಹಿಡಿದ, ಕೈ ತಾನಾಗಿ ಬೀಸಿತು. ದಾರಿಯುದ್ದಕ್ಕೂ ಅವನು ತಿರುಗಿ ನೋಡಲಿಲ್ಲ ಎಂದರೆ ಏನು ಮಾಡಬೇಕು, ನೋಡಿದೆ ಎಂದರೆ ಎಷ್ಟು ಹಗುರಾಗಬಹುದು, ಎರಡನ್ನೂ ಹತ್ತು ಸಲ ಮನಸ್ಸಿನಲ್ಲಿ ಆಡಿಸಿದ್ದಳು. ಅವನು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸಿ ನೋಡುತ್ತಿದ್ದ. ಅವಳು ಮುಂದಿನಿಂದಲೇ ಹೋಗಿ, ತಾನು ಯಾರೆಂದು ಹೇಳಿ, ಏನಾಗಿರಬಹುದೆಂದು ಹೇಳಿ, ಆ ದಿನ ಹೊಡೆಯುವ ಮುಂಚೆ ನೀವು ತಿರುಗಿ ನೋಡಿದ್ದಿರಾ ಎಂದು ಕೇಳಿದಳು. ಅವನು ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಕಳೆದುಕೊಂಡದ್ದನ್ನು ಜೇಬಿನಲ್ಲಿ ತಡಕುವವನ ಹಾಗೆ ಇದ್ದ.

"ಕೋರ್ಟಲ್ಲಿ ಬರೆದಿದ್ದಾರಲ್ಲಮ್ಮ," ಅಂದ. "ನೋಡಿರ್ಬೇಕು."

ಅವನು ನೋಡಿದ್ದನೋ ಇಲ್ಲವೋ ಅವನಿಗೂ ಈಗ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಹೇಳುವವರಿಗೂ ಗೊತ್ತಿಲ್ಲ. ಇನ್ನೂ ಇಪ್ಪತ್ತೆರಡು ಜನರಿದ್ದಾರೆ.